ಕಳೆ ಕೀಳದ ಪಾಲು

ಯುಕುಸಾಯಾ ಎಂಬ ನಮ್ಮ ಬೆಟ್ಟದೂರಿನ ಜನಕ್ಕೆ ಒಂದು ಹೆಮ್ಮೆಯಿದೆ. ಹೊಲದಲ್ಲಿ ಕಳೆ ಕಂಡರೆ ಸಹಿಸುವವರಲ್ಲ. ಜೋಳದ ಸಾಲಿನ ನಡುವೆ ಒಂದು ಹುಲ್ಲುಕಡ್ಡಿ ತಲೆಯೆತ್ತಿದರೂ ಸಾಕು, ಪಕ್ಕದ ಹೊಲದವಳು ಬೇಲಿಯಾಚೆಯಿಂದಲೇ, 'ಏನವ್ವ, ಮನೇಲಿ ಗಂಡಸರು ಮಲಗವ್ರಾ?' ಎಂದು ಕೇಳುತ್ತಾಳೆ. ಹೆಣ್ಣು ಕೇಳಲು ಬಂದವರು ಹುಡುಗಿಯ ಮುಖ ನೋಡುವ ಮುಂಚೆ ಅವಳಪ್ಪನ ಹೊಲ ನೋಡುತ್ತಾರೆ. ಹೆಮ್ಮೆ ಒಳ್ಳೆಯದೇ, ಜೋಳಕ್ಕಂತೂ ಬಹಳ ಒಳ್ಳೆಯದು. ಆದರೆ ಬೆಟ್ಟ ಜೋಳದ ಹೊಲವಲ್ಲ ಎಂಬ ಮಾತು ನಮ್ಮ ತಲೆಗೆ ಇಳಿಯಲು ಒಂದು ವರ್ಷ, ಎಂಟೊಂಬತ್ತು ಸಾವಿರ ಸಸಿ, ಮತ್ತು ಸೆಫೆರಿನಾಳ ಎಡಮಂಡಿ ಬೇಕಾಯಿತು.

ಬೆಟ್ಟ ಬೋಳಾದದ್ದು ಇಂದು ನಿನ್ನೆಯಲ್ಲ. ಅಜ್ಜಂದಿರ ಕಾಲದಲ್ಲಿ ಅಲ್ಲಿ ಓಕ್ ಮರಗಳೂ ಪೈನ್ ಮರಗಳೂ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವಂತೆ. ಓಕನ್ನು ಸುಟ್ಟು ಇದ್ದಿಲು ಮಾಡಿದೆವು, ಪೈನನ್ನು ಕೊಯ್ದು ತೊಲೆ ಮಾಡಿದೆವು, ಉಳಿದದ್ದನ್ನು ಮೇಕೆಗೆ ಬಿಟ್ಟೆವು. ವರ್ಷದಲ್ಲಿ ಏಳು ತಿಂಗಳು ಒಂದು ಹನಿ ಬೀಳದ ಬೆಟ್ಟ ಅದು. ಬಿದ್ದಾಗ ಬಿದ್ದ ಮಳೆ ಕೆಂಪು ಮಣ್ಣನ್ನೆಲ್ಲ ಹೊತ್ತುಕೊಂಡು ಹಳ್ಳಕ್ಕೆ ಹೋಯಿತು. ಉಳಿದದ್ದು ಬಂಡೆ, ಕತ್ತಾಳೆ, ಮತ್ತು ಕಡಿದ ಓಕ್ ಬುಡಗಳಿಂದ ಹಟಕ್ಕೆ ಬಿದ್ದಂತೆ ಚಿಗುರುತ್ತಿದ್ದ ಸೊಂಟದೆತ್ತರದ ಪೊದೆ. ಆ ಪೊದೆಯನ್ನು ನಾವು ಕಳೆ ಎಂದೇ ಕರೆಯುತ್ತಿದ್ದೆವು.

ಊರ ಬಾವಿಯ ನೀರು ಇಳಿದು ಹಗ್ಗ ಸಾಲದಾದ ವರ್ಷ ಊರಸಭೆ ಸೇರಿ, ಬೆಟ್ಟದ ತುಂಬ ಪೈನ್ ನೆಡಬೇಕೆಂದು ತೀರ್ಮಾನಿಸಿತು. ಬೆಟ್ಟವನ್ನು ಪಟ್ಟಿ ಪಟ್ಟಿಯಾಗಿ ಪಾಲು ಮಾಡಿ, ಮನೆಗೊಂದು ಪಾಲು, ಪಾಲಿಗೆ ಎಂಬತ್ತು ಸಸಿ ಹಂಚಿದರು. ನೆಡುವುದೂ ನೋಡಿಕೊಳ್ಳುವುದೂ ತೆಕಿಯೊ. ತೆಕಿಯೊ ಅಂದರೆ ಊರಿಗಾಗಿ ಮಾಡುವ ಕೂಲಿಯಿಲ್ಲದ ಕೆಲಸ. ಅದನ್ನು ತಪ್ಪಿಸಿದವರ ಹೆಸರಿನ ಮುಂದೆ ಊರಪಟ್ಟಿಯಲ್ಲಿ ಒಂದು ಗೀಟು ಬೀಳುತ್ತದೆ. ಮೂರು ಗೀಟು ಬಿದ್ದರೆ ಹೆಸರೇ ಹೋಗುತ್ತದೆ. ಹೆಸರು ಹೋದವರಿಗೆ ಬೆಟ್ಟದ ಸೌದೆಯಿಲ್ಲ, ಊರಹೊಲದಲ್ಲಿ ಪಾಲಿಲ್ಲ, ಸತ್ತ ಮೇಲೆ ಊರ ಸ್ಮಶಾನದಲ್ಲಿ ಆರಡಿ ನೆಲವೂ ಇಲ್ಲ.

ಪಟ್ಟಿಯಲ್ಲಿ ಸೆಫೆರಿನಾಳ ಮನೆಯ ಹೆಸರಿನ ಮುಂದೆ ಆಗಲೇ ಎರಡು ಗೀಟು ಬಿದ್ದಿದ್ದವು. ಮೊದಲನೆಯದು, ಗಂಡ ಲಿಬ್ರಾದೊ ತೀರಿಕೊಂಡ ತಿಂಗಳು ಊರವರೆಲ್ಲ ರಸ್ತೆ ರಿಪೇರಿಗೆ ಹೋದಾಗ ಅವಳು ಹಾಸಿಗೆ ಬಿಟ್ಟು ಏಳದೆ ಇದ್ದದ್ದಕ್ಕೆ. ಎರಡನೆಯದು, ಬೇರೆ ಊರಿಗೆ ಮದುವೆಯಾಗಿ ಹೋದ ಮಗಳ ಬಾಣಂತನಕ್ಕೆ ಹೋಗಿ ಕಾಲುವೆ ಕೆಲಸ ತಪ್ಪಿಸಿಕೊಂಡದ್ದಕ್ಕೆ. ಐವತ್ತೆಂಟು ವರ್ಷದ ಹೆಂಗಸು. ಮಗಳ ಊರಿಗೆ ಹೋಗಿ ಇರಬಹುದಿತ್ತು, ಅಳಿಯ ಕೆಟ್ಟವನಲ್ಲ. ಆದರೆ ಸ್ಮಶಾನದಲ್ಲಿ ಲಿಬ್ರಾದೊನ ಬಲಗಡೆ ಒಬ್ಬರು ಮಲಗುವಷ್ಟು ಜಾಗವನ್ನು ಅವಳೇ ಕಲ್ಲಿಟ್ಟು ಗುರುತು ಮಾಡಿಟ್ಟಿದ್ದಳು. ಅವಳಿಗೆ ಬೇಕಾಗಿದ್ದದ್ದು ಆ ಜಾಗ, ಅದಕ್ಕಾಗಿ ಪಟ್ಟಿಯಲ್ಲಿ ಹೆಸರು.

ಪಟ್ಟಿಯಲ್ಲೂ ಅವಳದು ಕೊನೆಯ ಸಾಲು, 'ದಿವಂಗತ ಲಿಬ್ರಾದೊನ ಹೆಂಡತಿ' ಎಂದು. ಕೊನೆಯ ಸಾಲಿನವರಿಗೆ ಕೊನೆಯ ಪಾಲು. ಅದು ಹಿಂದೆ ಅವಳ ಅಪ್ಪನೇ ಇದ್ದಿಲು ಸುಡುತ್ತಿದ್ದ ಜಾಗ. ಕಡಿದ ಓಕ್ ಬುಡ ಅಲ್ಲಿರುವಷ್ಟು ಬೆಟ್ಟದಲ್ಲಿ ಬೇರೆಲ್ಲೂ ಇಲ್ಲ. ಉಳಿದವರು ಜುಲೈನಲ್ಲಿ ಮೊದಲು ಪೊದೆಯನ್ನೆಲ್ಲ ಕಡಿದು, ನೆಲ ಕೆರೆದು, ನೂಲು ಹಿಡಿದು ಸಾಲಾಗಿ ನೆಟ್ಟರು. ಸೆಫೆರಿನಾ ಒಬ್ಬಂಟಿ. ಕಡಿಯುವ ಶಕ್ತಿಯಿರಲಿಲ್ಲ. ಬಯಲಲ್ಲಿ ಗುದ್ದಲಿ ಹಾಕಿದರೆ ಬಂಡೆಗೆ ಬಡಿದು ಕೈ ಜುಮ್ಮೆನ್ನುತ್ತಿತ್ತು. ಪೊದೆಯ ಬುಡದಲ್ಲಿ ಎಲೆ ಕೊಳೆತ ಮಣ್ಣಿತ್ತು, ಗುದ್ದಲಿ ಇಳಿಯುತ್ತಿತ್ತು. ಇಳಿದ ಕಡೆ ನೆಟ್ಟಳು. 'ಸಾಲು ಡೊಂಕಾಯ್ತು ಕಣೋ ಲಿಬ್ರಾದೊ, ನೀನಿದ್ದಿದ್ರೆ ಬಯ್ತಿದ್ದೆ' ಎಂದು ಒಂದೊಂದು ಸಸಿಗೂ ಒಂದೊಂದು ಮಾತು ಆಡುತ್ತ, ಮೂರು ದಿನದಲ್ಲಿ ಎಂಬತ್ತನ್ನೂ ಮುಗಿಸಿದಳು.

ಅಕ್ಟೋಬರಿನಲ್ಲಿ ಮಳೆ ನಿಂತಿತು. ಮಳೆ ನಿಂತ ಮೇಲೆ ಹೊಲದ ಕಳೆ ತೆಗೆಯುವುದು ನಮ್ಮಲ್ಲಿ ಅಜ್ಜ ಮುತ್ತಜ್ಜರಿಂದ ಬಂದ ಪದ್ಧತಿ. ಬೆಟ್ಟದ ಪಾಲುಗಳಿಗೂ ಅದೇ ಅನ್ವಯವಾಯಿತು. ಸಸಿ ತಂದ ಲಾರಿಯವನು ಕೊಟ್ಟ ಚೀಟಿಯಲ್ಲಿ 'ಬುಡದ ಹುಲ್ಲು ತೆಗೆಯಿರಿ' ಎಂದಷ್ಟೇ ಇತ್ತು. ಆದರೆ ಜೋಳ ಬೆಳೆಯುವವನಿಗೆ ಬುಡದ ಹುಲ್ಲು ತೆಗೆ ಎಂದರೆ ಅವನು ಹೊಲವನ್ನೇ ಕನ್ನಡಿ ಮಾಡಿಟ್ಟುಬಿಡುತ್ತಾನೆ.

ಕಳೆ ತೆಗೆಯುವ ದಿನಕ್ಕೆ ಎರಡು ದಿನ ಮುಂಚೆ ಸೆಫೆರಿನಾ ಕಣಜದ ಏಣಿಯಿಂದ ಜೋಳದ ಬುಟ್ಟಿ ಸಮೇತ ಬಿದ್ದಳು. ತೆನೆಗಳಿಗೆ ಏನೂ ಆಗಲಿಲ್ಲ. ಮಂಡಿ ಮಾತ್ರ ಊದಿಕೊಂಡಿತು.

ಮಾರನೆಯ ದಿನ ಬಾಗಿಲಿಗೆ ಬಂದವನು ದೋನ್ ಫಿಲೊಗೋನಿಯೊ, ತೆಕಿಯೊ ಉಸ್ತುವಾರಿಯ ಮುಖ್ಯಸ್ಥ. ದೋನ್ ಎನ್ನುವುದು ಊರು ಕೊಟ್ಟ ಮರ್ಯಾದೆ. ಎಪ್ಪತ್ತು ದಾಟಿದ ಮನುಷ್ಯ. ಟೋಪಿ, ಮೀಸೆ, ಬೆನ್ನು ಮೂರೂ ನೆಟ್ಟಗೆ. ಅವನ ಹೊಲದಲ್ಲಿ ಕಳೆ ಹುಡುಕುವುದು ಬೆಣ್ಣೆಯಲ್ಲಿ ಕಲ್ಲು ಹುಡುಕಿದ ಹಾಗೆ.

"ನಾಳೆ ಕಳೆ ತೆಗಿಯೋ ದಿನ. ನೆನಪೈತಾ ಅಕ್ಕ?"

"ನೆನಪಿಲ್ದೆ ಏನು ದೋನ್ ಫಿಲೊ. ಈ ಮಂಡಿ ನೋಡಿ, ಸಂತೇಲಿ ಇಟ್ರೆ ಕುಂಬಳಕಾಯಿ ಅಂತ ಯಾರಾದ್ರೂ ಕೊಂಡ್ಕೊಂಡು ಹೋಯ್ತಾರೆ."

ಫಿಲೊಗೋನಿಯೊ ಬಗ್ಗಿ ನೋಡಿದ. ಅವನ ಮುಖದಲ್ಲಿ ಮರುಕ ಬಂತು, ಆದರೆ ಮೀಸೆ ಅದನ್ನು ಮುಚ್ಚಿಟ್ಟಿತು.

"ನಂಗೆ ಕಾಣ್ತದೆ ತಾಯಿ. ಪಟ್ಟಿಗೆ ಕಣ್ಣಿಲ್ವಲ್ಲ. ನಿಂಗೆ ಅಂತ ನಿಯಮ ಬಗ್ಗಿಸಿದ್ರೆ, ನಾಳೆ ಬೆನ್ನು ನೋವು ಅಂತ ಅರ್ಧ ಊರು ಮಲಗ್ತದೆ."

"ಹಂಗಾದ್ರೆ ಗೀಟು ಹಾಕಿಬಿಡ್ತೀರಾ?"

ಅವನು ಮೀಸೆ ತಿರುವಿದ. "ಮೇ ತಿಂಗಳಲ್ಲಿ ಊರೆಲ್ಲ ಹೋಗಿ ಪಾಲು ನೋಡೋದೈತಲ್ಲ. ಆವತ್ತು ನನ್ನ ಕಣ್ಣಿಗೆ ಏನು ಕಾಣ್ತದೋ ಅದನ್ನ ಬರಿಸ್ತೀನಿ. ಅಷ್ಟರೊಳಗೆ ಕಾಲು ನೆಟ್ಟಗೆ ಮಾಡ್ಕೊ, ಪಾಲು ಚೊಕ್ಕ ಮಾಡ್ಕೊ. ಇಷ್ಟೇ ನನ್ನ ಕೈಲಾಗೋದು."

ಮೂರನೆಯ ಗೀಟಿನ ಅಂಚಿನಲ್ಲಿದ್ದ ಮುದುಕಿಗೆ ಏಳು ತಿಂಗಳು ವಾಯಿದೆ ಕೊಡುವುದು ಫಿಲೊಗೋನಿಯೊನ ಮಟ್ಟಿಗೆ ದೊಡ್ಡ ದಾನವೇ. ಅದು ಅವಳಿಗೂ ಗೊತ್ತಿತ್ತು. ಅವನು ಹೋದ ಮೇಲೆ ಒಲೆಯ ಮುಂದೆ ಕೂತು ಸಮಾಧಾನವಾಗುವಷ್ಟು ಅತ್ತಳು.

ಆ ಚಳಿಗಾಲ ಊರಿನಿಂದ ತಲೆಯೆತ್ತಿ ನೋಡಿದರೆ ಬೆಟ್ಟವೆಲ್ಲ ಬಾಚಿದ ತಲೆಯ ಹಾಗೆ ಸಾಲು ಸಾಲಾಗಿ ಕಾಣುತ್ತಿತ್ತು. ಅಂಚಿನಲ್ಲಿ ಒಂದೇ ಒಂದು ಪಾಲು ಕೆದರಿಕೊಂಡು ನಿಂತಿತ್ತು. ಎಲ್ಲಿ ನಿಂತು ನೋಡಿದರೂ ಅದೇ ಕಣ್ಣಿಗೆ ಬೀಳುವುದು. ಜೋಳದ ಹಿಟ್ಟು ಬೀಸಿಸಲು ಗಿರಣಿಗೆ ಹೋದರೆ ಹೆಂಗಸರು ಸಾಲಿನಲ್ಲಿ ನಿಂತು, 'ಸೆಫೆರಿನಕ್ಕ ಮೇಲೆ ನರಿ ಸಾಕವಳಂತೆ, ಅದಕ್ಕೆ ಮನೆ ಬೇಕಲ್ಲ' ಎಂದು ನಗುತ್ತಿದ್ದರು. ಊರ ಬಾಯಿಗೆ ಮುಚ್ಚಳವಿಲ್ಲ.

ಅವಳ ಪರವಾಗಿ ತಿರುಗಿ ಬೀಳುತ್ತಿದ್ದವಳು ಒತಿಲಿಯಾ ಒಬ್ಬಳೇ. ಒತಿಲಿಯಾಳ ಮಗಳ ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ನಿಂತವಳು ಸೆಫೆರಿನಾ. ಆವತ್ತಿನಿಂದ ಇಬ್ಬರೂ ಹೆಸರು ಹಿಡಿದು ಕರೆದದ್ದಿಲ್ಲ, ಕೊಮಾದ್ರೆ, ಅಂದರೆ ಜೊತೆತಾಯಿ, ಎಂದೇ ಕರೆಯುವುದು. "ನರಿನೋ ನಾಯಿನೋ, ನಿಮ್ಮ ಗಂಡಂದಿರಿಗಿಂತ ಕಡಿಮೆ ಕುಡಿತದೆ ಬಿಡ್ರೇ" ಎಂದು ಒತಿಲಿಯಾ ಬಾಯಿ ಹಾಕಿದರೆ ಗಿರಣಿಯ ಸದ್ದೂ ಅಡಗುತ್ತಿತ್ತು. ಹೋಗಿ ಪೊದೆ ಕಡಿದುಕೊಡಲು ಮಾತ್ರ ಅವಳಿಂದಾಗಲಿಲ್ಲ. ಪಾಲಿನ ಕೆಲಸವನ್ನು ಆ ಮನೆಯವರೇ ಮಾಡಬೇಕು, ಅದೂ ನಿಯಮ.

ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟಿತು. ಹಿಂದೆಯೇ ಒಣಗಾಳಿ ಬೀಸಿತು. ಅಲ್ಲೊಂದು ಇಲ್ಲೊಂದು ಸಸಿ ಕೆಂಪಾಗತೊಡಗಿತು. ನರ್ಸರಿಯವರು ಕೆಟ್ಟ ಸಸಿ ಕೊಟ್ಟರೆಂದು ಕೆಲವರು, ಅಮಾವಾಸ್ಯೆಯಲ್ಲಿ ನೆಟ್ಟದ್ದೇ ತಪ್ಪಾಯಿತೆಂದು ಕೆಲವರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನಮ್ಮನ್ನು ನಾವೇ ಬಯ್ದುಕೊಳ್ಳಲು ಕಾರಣವಾದರೂ ಎಲ್ಲಿತ್ತು? ಬೆಟ್ಟ ಅಷ್ಟು ಚೊಕ್ಕಟವಾಗಿತ್ತು.

ಫೆಬ್ರವರಿಯ ಕೊನೆಗೆ ಸೆಫೆರಿನಾ ಕೋಲೂರಿ ನಡೆಯುವ ಹಾಗಾದಳು. ಒಂದು ಬೆಳಿಗ್ಗೆ ಸೊಂಟಕ್ಕೆ ಮಚ್ಚು ಸಿಕ್ಕಿಸಿ, ಬಟ್ಟೆಯಲ್ಲಿ ನಾಲ್ಕು ಜೋಳದ ರೊಟ್ಟಿ, ಹುರುಳಿಕಾಯಿ ಬೀಜದ ಗೊಜ್ಜು ಕಟ್ಟಿಕೊಂಡು, ಯಾರಿಗೂ ಹೇಳದೆ ಬೆಟ್ಟ ಹತ್ತಿದಳು. ದಾರಿಯ ಎರಡೂ ಬದಿ ಸಸಿಗಳು ತುಕ್ಕು ಹಿಡಿದ ಮೊಳೆಗಳ ಹಾಗೆ ಸಾಲಾಗಿ ನಿಂತಿದ್ದವು. ಕಷ್ಟಪಟ್ಟವರ ಸಸಿಗಳೇ ಹೀಗಾದರೆ ನನ್ನವು ಮಣ್ಣಾಗಿ ಹೋಗಿರುತ್ತವೆ ಎಂದುಕೊಂಡಳು. ಸತ್ತ ಸಸಿಗಾದರೂ ಚೊಕ್ಕ ನೆಲ ಇರಲಿ, ಗೀಟು ತಪ್ಪಲಿ.

ಮೊದಲ ಪೊದೆಗೆ ಮಚ್ಚು ಹಾಕಿ, ಕೊಂಬೆ ಸರಿಸಿದಳು. ಒಳಗೆ ಒಂದು ಗೇಣುದ್ದ ಸಸಿ, ಹಸಿರು ಹಸಿರಾಗಿ, ಬೆಕ್ಕಿನ ಮರಿ ಮಲಗಿದ ಹಾಗೆ ಎಲೆಯ ಹಾಸಿನ ಮೇಲೆ ಇತ್ತು.

"ಅಯ್ಯೋ ನನ್ನವ್ವ! ಬದುಕಿದ್ದೀಯಾ?" ಎಂದಳು ಸೆಫೆರಿನಾ. ಎರಡನೆಯ ಪೊದೆಯಲ್ಲೂ ಹಸಿರು. ಮೂರನೆಯದರಲ್ಲೂ. ಅವಳಿಗೆ ಮಂಡಿಯ ನೋವೇ ಮರೆತುಹೋಯಿತು. "ಪಾಪ, ಈ ಪೊದೆಯೊಳಗೆ ಉಸಿರು ಕಟ್ಕೊಂಡು ಎಷ್ಟು ದಿನ ಇದ್ರೋ ಏನೋ. ತಡೀರಿ, ತಡೀರಿ, ಬಂದೆ. ಗಾಳಿ ಕುಡೀರಿ, ಬಿಸಿಲು ಕಾಣ್ರಿ." ಒಂದೊಂದು ಪೊದೆಯನ್ನೂ ಬುಡಮಟ್ಟ ಕಡಿದಳು. ಕೊಳೆತ ಎಲೆಯನ್ನೆಲ್ಲ ಕೈಯಿಂದ ಬಾಚಿ ಇಳಿಜಾರಿಗೆ ಎಸೆದಳು. ಮಗುವಿನ ಮುಖ ಒರೆಸಿದ ಹಾಗೆ ಸಸಿಯ ಸುತ್ತ ನೆಲ ನುಣ್ಣಗೆ ಮಾಡಿದಳು. ಅಷ್ಟು ಸುಖ ಅವಳಿಗೆ ಲಿಬ್ರಾದೊ ಹೋದ ಮೇಲೆ ಆಗಿರಲಿಲ್ಲ. ಮೇಲೆ ಒಂದು ನೀಲಿಹಕ್ಕಿ, ಓಕ್ ಕಾಯಿಗಳನ್ನು ಎಲ್ಲೆಂದರಲ್ಲಿ ಹೂತು ಮರೆಯುವ ಆ ಬಾಯಿಬಡುಕಿ ಹಕ್ಕಿ, ಇಡೀ ದಿನ ಅವಳನ್ನು ಬಯ್ಯುತ್ತಲೇ ಇತ್ತು. "ನಿಂದೇನೇ ಗೋಳು? ನಾನೇನು ನಿನ್ನ ಮನೆ ಬಾಗಿಲು ಕಿತ್ತನಾ?" ಎಂದು ಅವಳೂ ತಿರುಗಿ ಬಯ್ದಳು.

ಸೂರ್ಯ ಇಳಿಯುವ ಹೊತ್ತಿಗೆ ಪಾಲಿನ ಅರ್ಧ ಮುಗಿದಿತ್ತು. ಇನ್ನೊಂದು ಪೊದೆಗೆಂದು ಮಚ್ಚು ಎತ್ತಿದಾಗ ಮಂಡಿಯೊಳಗೆ ಏನೋ ಕಳಕ್ಕೆಂದಿತು. ಕೂತಳು. ಏಳಲಾಗಲಿಲ್ಲ. ಮನೆಯಲ್ಲಿ ಕಾಣದೆ ಹುಡುಕಿಕೊಂಡು ಕತ್ತೆ ಹೊಡೆದುಕೊಂಡು ಬಂದ ಒತಿಲಿಯಾಳಿಗೆ ಅವಳು ಸಿಕ್ಕಿದ್ದು ಹಾಗೆ, ಅರ್ಧ ಬೋಳು ಅರ್ಧ ಪೊದೆಯ ನಡುವಿನ ಗಡಿಯಲ್ಲಿ.

"ಬುದ್ಧಿ ಐತಾ ಕೊಮಾದ್ರೆ ನಿಂಗೆ? ಕಾಲು ಮುರ್ಕೊಂಡು ಬೆಟ್ಟ ಹತ್ತೋರುಂಟಾ?"

"ನಲವತ್ತು ಮುಗ್ದವೆ, ನೋಡು. ಎಲ್ಲಾ ಬದುಕವೆ ಕಣೆ! ಊರಲ್ಲಿ ಯಾರವೂ ಇಲ್ಲ, ನನ್ನವು ಬದುಕವೆ."

"ಬದುಕ್ಲಿ. ಈಗ ನೀನು ಬದುಕೋದು ನೋಡು. ಹತ್ತು ಕತ್ತೆ ಮೇಲೆ." ಏರಿಸುವಾಗ ಒತಿಲಿಯಾ ಪಾಲನ್ನೊಮ್ಮೆ ನೋಡಿ ನಕ್ಕುಬಿಟ್ಟಳು. "ಕ್ಷೌರದವನು ಅರ್ಧ ತಲೆ ಬೋಳಿಸಿ ಊಟಕ್ಕೆ ಎದ್ದೋದಂಗೆ ಐತೆ."

ನಾಟಿವೈದ್ಯೆ ಬಂದು ಮಂಡಿಗೆ ಸೊಪ್ಪು ಕಟ್ಟಿ, ಮಳೆ ಬೀಳುವವರೆಗೆ ಬೆಟ್ಟದ ಕಡೆ ತಲೆಯಿಟ್ಟೂ ಮಲಗಬೇಡ ಎಂದಳು. ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು. ಬಿಸಿಲು ಬಂಡೆಯನ್ನು ಬಾಣಲೆ ಮಾಡಿತು. ಸೆಫೆರಿನಾ ಅಂಗಳದಲ್ಲಿ ಕೂತು, ಬಿಡುಗಡೆ ಮಾಡಿ ಬಂದ ಆ ನಲವತ್ತು ಈಗ ಎಷ್ಟುದ್ದ ಆಗಿರಬಹುದೆಂದು ಕೈಯಲ್ಲಿ ಅಳೆದು ಅಳೆದು ನೋಡುತ್ತಿದ್ದಳು. ಉಳಿದ ನಲವತ್ತನ್ನು ಪೊದೆಯೊಳಗೇ ಬಿಟ್ಟು ಬಂದೆನಲ್ಲ ಎಂಬ ಸಂಕಟ ಬೇರೆ.

ಪಾಲು ನೋಡುವ ದಿನ ಬಂತು. ಮನೆಗೊಬ್ಬರಂತೆ ಊರೇ ಬೆಟ್ಟ ಹತ್ತಿತು. ಸೆಫೆರಿನಾಳನ್ನು ಒತಿಲಿಯಾಳ ಕತ್ತೆ ಹೊತ್ತಿತ್ತು. ಮುಂದೆ ಫಿಲೊಗೋನಿಯೊ, ಪಕ್ಕದಲ್ಲಿ ಪಟ್ಟಿ ಹಿಡಿದ ಕಾರ್ಯದರ್ಶಿ, ಹಿಂದೆ ಕತ್ತಾಳೆ ಹೆಂಡದ ಕ್ಯಾನು ಹೊತ್ತ ಇಬ್ಬರು.

ಮೊದಲ ಪಾಲು ನೋಡಿದರು. ಎಂಬತ್ತೂ ಸತ್ತಿದ್ದವು. ಎರಡನೆಯದು, ಮೂರನೆಯದು, ಹತ್ತನೆಯದು. ಅಲ್ಲೊಂದು ಇಲ್ಲೊಂದು ಬಂಡೆಯ ಮರೆಯಲ್ಲಿ ಅರೆಜೀವ ಬಿಟ್ಟರೆ ಉಳಿದದ್ದೆಲ್ಲ ಕೆಂಪು ಕಡ್ಡಿ. ಮೊದಮೊದಲು ಜನ ಅಯ್ಯೋ ಎಂದರು, ಆಮೇಲೆ ಮುಂದಿನ ಪಾಲಿಗೆ ನಡೆದರು. ನೋಡಲು ಸಸಿಯೇ ಇಲ್ಲದ ಮೇಲೆ ಫಿಲೊಗೋನಿಯೊ ನೋಡುವುದಾದರೂ ಏನನ್ನು? ನೆಲವನ್ನು ನೋಡಿದ. 'ಚೊಕ್ಕ ಐತೆ, ಬರಕೊ' ಎಂದ. ಸಸಿ ಸತ್ತದ್ದು ದೇವರಿಚ್ಛೆ, ಕಳೆ ಬೆಳೆದರೆ ಅದು ಮನುಷ್ಯನ ಸೋಮಾರಿತನ. ಹೀಗೆ ನೂರೆಂಟು ಪಾಲು, ನೂರೆಂಟು ಬಾರಿ 'ಚೊಕ್ಕ ಐತೆ'. ಈಗ ನೆನೆದರೆ ನಗು ಬರುತ್ತದೆ. ಆವತ್ತು ಯಾರೂ ನಗಲಿಲ್ಲ.

ಕೊನೆಯ ಪಾಲಿಗೆ ಬಂದರು. ಕತ್ತೆಯ ಮೇಲಿಂದಲೇ ಸೆಫೆರಿನಾಳಿಗೆ ತಾನು ಬೋಳಿಸಿದ ಅರ್ಧ ಕಾಣಿಸಿತು. ನಲವತ್ತು ಸಸಿಗಳೂ ಕೆಂಪಾಗಿ, ಕೆಲವು ಬಗ್ಗಿ, ಕೆಲವು ಬುಡ ಮುರಿದು ಬಿದ್ದಿದ್ದವು. ಇಳಿದು, ಕೋಲೂರಿಕೊಂಡು, ಮೊದಲನೆಯದರ ಹತ್ತಿರ ಹೋದಳು. ಬದುಕಿದ್ದೀಯಾ ಎಂದು ಕೇಳಿದ್ದಳಲ್ಲ, ಅದೇ ಸಸಿ. ಮುಟ್ಟಿದರೆ ಮುಳ್ಳೆಲೆಗಳು ಹೊಟ್ಟಿನ ಹಾಗೆ ಉದುರಿದವು.

ಫಿಲೊಗೋನಿಯೊ ಪೊದೆಯಿದ್ದ ಕಡೆ ನಿಂತಿದ್ದ. "ಅಕ್ಕ," ಎಂದ. ಅವನ ದನಿ ತಗ್ಗಿತ್ತು. "ಅರ್ಧ ಉಳಿಸ್ಬಿಟ್ಟಲ್ಲ. ನಾನೇನು ಬರಿಸ್ಲಿ ಹೇಳು." ಹೇಳುತ್ತ, ಎಷ್ಟು ಕಳೆ ಇದೆಯೆಂದು ಎಲ್ಲರಿಗೂ ತೋರಿಸುವವನ ಹಾಗೆ ಮಚ್ಚಿನ ತುದಿಯಿಂದ ಒಂದು ಪೊದೆಯ ಕೊಂಬೆ ಎತ್ತಿದ.

ಎತ್ತಿದವನು ಹಾಗೇ ನಿಂತ.

"ಇಲ್ಬಾರೋ" ಎಂದು ಕಾರ್ಯದರ್ಶಿಯನ್ನು ಕರೆದ. ಇನ್ನೊಂದು ಕೊಂಬೆ ಎತ್ತಿದ. ಮತ್ತೊಂದು. ಎಲ್ಲ ಪೊದೆಯೊಳಗೂ ಹಸಿರು ಸಸಿ. ಮೊಣಕೈಯುದ್ದ, ತುದಿಯಲ್ಲಿ ಬಿಳಿ ಮೊಗ್ಗಿಟ್ಟುಕೊಂಡು. ಜನ ಮುಗಿಬಿದ್ದರು. ಒಬ್ಬರ ತಲೆ ಮೇಲೊಬ್ಬರು ಬಗ್ಗಿ ನೋಡುವುದೇ ನೋಡುವುದು.

ಫಿಲೊಗೋನಿಯೊ ಆ ವಯಸ್ಸಿನಲ್ಲಿ ಮಂಡಿಯೂರಿ ಕೂತು, ಪೊದೆಯ ಬುಡಕ್ಕೆ ಕೈ ಹಾಕಿದ. ಮೇಲೆ ಒಣ ಎಲೆ, ಕೆಳಗೆ ಕಪ್ಪು ಎಲೆ, ಅದರ ಕೆಳಗೆ ಮಣ್ಣು. ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿಟ್ಟು ನೋಡಿದ. ನೂಲಿನಂಥ ಬಿಳಿ ಎಳೆಗಳು ಅದನ್ನು ಹೆಣೆದಿದ್ದವು. ಮೂಗಿಗೆ ಹಿಡಿದ.

"ತಣ್ಣಗೈತೆ. ಮೇ ತಿಂಗಳಲ್ಲಿ! ಅಣಬೆ ವಾಸನೆ ಬತ್ತದೆ ಕಣ್ರೋ."

ಆಗ ಒತಿಲಿಯಾ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. ಕೊಮಾದ್ರೆಯನ್ನು ಉಳಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಬಾರದೆಂದು ಅವಳಿಗೆ ಹೊಳೆದಿತ್ತು. "ಮತ್ತೆ? ನನ್ನ ಕೊಮಾದ್ರೆನ ಸೋಮಾರಿ ಅಂದ್ರಿ. ಅವಳಪ್ಪ ಇದೇ ಬೆಟ್ಟದಲ್ಲಿ ಇದ್ದಿಲು ಸುಟ್ಟೋನು, ಮರದ ಗುಣ ಅವಳಿಗೆ ಗೊತ್ತಿಲ್ವಾ? ಬೇಕು ಅಂತ್ಲೇ ಬಿಟ್ಟವಳೆ. ಅಲ್ವೇನೇ ಕೊಮಾದ್ರೆ?"

ಎಲ್ಲರೂ ಸೆಫೆರಿನಾಳ ಕಡೆ ತಿರುಗಿದರು. ಹೌದು ಅಂದರೆ ಮುಗಿಯಿತು. ಗೀಟಿಲ್ಲ. ಲಿಬ್ರಾದೊನ ಬಲಗಡೆಯ ಜಾಗ ಭದ್ರ. ಗಿರಣಿಯಲ್ಲಿ ನಕ್ಕವರು ಬಾಯಿ ಮುಚ್ಚಿಕೊಂಡು ದಾರಿ ಬಿಡುತ್ತಾರೆ.

"ಹಂಗಾದ್ರೆ ಆ ಅರ್ಧ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಅದು... ಅದು ಬಂಡೆ ಜಾಸ್ತಿ ಇರೋ ಕಡೆ" ಎಂದಳು ಒತಿಲಿಯಾ, ಸುಳ್ಳಿಗೆ ಸುಳ್ಳು ಪೋಣಿಸುತ್ತ. ಜನ ತಲೆಯಾಡಿಸಿದರು. ಸರಿ, ಅದೃಷ್ಟದ ಜಾಗ. ಇಲ್ಲಿ ಮಣ್ಣು ಚೆನ್ನಾಗಿದೆ, ಬೇರೆ ಕಡೆ ಇಲ್ಲ, ಅಷ್ಟೇ. ಕೆಲವರು ಆಗಲೇ ಹೆಂಡದ ಕ್ಯಾನಿನ ಕಡೆ ನೋಡುತ್ತಿದ್ದರು.

ಸೆಫೆರಿನಾಳ ಕೈಯಲ್ಲಿ ಇನ್ನೂ ಆ ಉದುರಿದ ಮುಳ್ಳೆಲೆಗಳಿದ್ದವು.

"ಸುಳ್ಳು," ಎಂದಳು. "ಅವಳು ನನ್ನ ಮೇಲಿನ ಪ್ರೀತಿಗೆ ಸುಳ್ಳು ಹೇಳ್ತಾವಳೆ. ನಂಗೇನೂ ಗೊತ್ತಿರ್ಲಿಲ್ಲ. ಫೆಬ್ರವರಿಲಿ ಬಂದಾಗ ಪೊದೆಯೊಳಗೆ ನೋಡಿದ್ದೆಲ್ಲ ಹಸಿರಾಗಿದ್ವು. ಈ ನಲವತ್ತೂ ಹಸಿರಾಗಿದ್ವು. ನಿಮ್ಮಂಗೆ ಚೊಕ್ಕ ಮಾಡ್ಬೇಕು, ಗೀಟು ತಪ್ಪಿಸ್ಕೋಬೇಕು ಅಂತ ನನ್ನ ಕೈಯಾರೆ ಪೊದೆ ಕಡಿದೆ. ಎಲೆ ಬಾಚಿ ಎಸೆದೆ. ಗಾಳಿ ಕುಡೀರಿ ಅಂದೆ. ಬಿಸಿಲು ಕಾಣ್ರಿ ಅಂದೆ." ಕೈಯಲ್ಲಿದ್ದ ಮುಳ್ಳೆಲೆಗಳನ್ನು ಎಲ್ಲರಿಗೂ ಚಾಚಿ ತೋರಿಸಿದಳು. "ಮಂಡಿ ಕೈ ಕೊಡ್ದೆ ಇದ್ದಿದ್ರೆ ಆ ನಲವತ್ತನ್ನೂ ಕೊಲ್ತಿದ್ದೆ. ಒಂದೇ ಲಾರಿ ಸಸಿ, ಒಂದೇ ನೆಲ, ಒಂದೇ ಕೈ. ನಾನು ಮುಟ್ಟಿದ್ದು ಸತ್ತೋದ್ವು. ಮುಟ್ಟದ್ದು ಉಳ್ಕೊಂಡ್ವು. ಗೀಟು ಹಾಕ್ರಿ ದೋನ್ ಫಿಲೊ. ಇದಕ್ಕೆ ಹಾಕ್ಲೇಬೇಕು."

ಒಬ್ಬೊಬ್ಬರೂ ತಲೆಯೆತ್ತಿ, ಬಂದ ದಾರಿಯುದ್ದಕ್ಕೂ ಕೆಂಪು ಕಡ್ಡಿಗಳ ಚೊಕ್ಕ ಸಾಲುಗಳನ್ನು ನೋಡಿದರು. ಅವರಿಗೂ ಲೆಕ್ಕ ತಿಳಿಯಿತು. ಅದೃಷ್ಟದ ಜಾಗ ಎನ್ನಲು ಇನ್ನು ಬಾಯಿ ಬರುವಂತಿರಲಿಲ್ಲ. ಅಮಾವಾಸ್ಯೆಯೂ ಅಲ್ಲ, ನರ್ಸರಿಯವರೂ ಅಲ್ಲ. ಎಷ್ಟು ಶ್ರದ್ಧೆಯಿಂದ ಕೆರೆದಿದ್ದೆವು, ಎಷ್ಟು ಹೆಮ್ಮೆಯಿಂದ.

ಫಿಲೊಗೋನಿಯೊ ಎದ್ದು ಟೋಪಿ ತೆಗೆದ. ಸಾವಿನ ಮನೆಯಲ್ಲಿ ಬಿಟ್ಟರೆ ಅವನು ಟೋಪಿ ತೆಗೆದದ್ದನ್ನು ನಾವ್ಯಾರೂ ಕಂಡಿಲ್ಲ.

"ನನ್ನ ಪಾಲಲ್ಲಿ ಎಂಬತ್ತೂ ನಾನೇ ಕೊಂದೆ," ಎಂದ. "ಎರಡು ಸಲ ಕೆರೆದೆ. ಎರಡನೇ ಸಲ ಯಾರೂ ಹೇಳ್ದೆ ಇದ್ರೂ ಕೆರೆದೆ." ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿ, "ಗೀಟು ಹಾಕೋದಾದ್ರೆ ಎಲ್ಲರಿಗೂ ಹಾಕ್ಬೇಕು. ಸತ್ತ ಸಸಿಗೊಂದು ಗೀಟು ಅಂದ್ರೆ ಪಟ್ಟಿಲಿ ಯಾರೂ ಉಳಿಯಲ್ಲ. ಊರೇ ಇಲ್ಲ ಅಂತಾಯ್ತದೆ. ಏನ್ ಮಾಡಣ?"

ಸಭೆ ಅಲ್ಲೇ ಕೂತಿತು, ಬಂಡೆಗಳ ಮೇಲೆ. ಕೆಲವರು ಅತ್ತರು, ಕೆಲವರು ಅಜ್ಜಂದಿರನ್ನು ಬಯ್ದರು, ಹೆಂಡ ಒಂದು ಸುತ್ತು ಬಂತು. ಮಳೆ ಬಿದ್ದ ಮೇಲೆ ಮತ್ತೆ ನೆಡುವುದು, ಪೊದೆಯ ಬುಡದಲ್ಲೇ ನೆಡುವುದು, ಪೊದೆಯಿಲ್ಲದ ಕಡೆ ಮೊದಲು ಓಕ್ ಕಾಯಿ ಹೂಳುವುದು ಎಂದಾಯಿತು. ಇದೆಲ್ಲ ಸರಿಯಾಗಿ ನಡೆಯುವಂತೆ ನೋಡಿಕೊಳ್ಳಲು ಬೆಟ್ಟಕ್ಕೊಬ್ಬರು ಕಾವಲು ಬೇಕು. ನಮ್ಮಲ್ಲಿ ಹೊಣೆ ಎಂದರೆ ಗೊತ್ತಲ್ಲ, ಮೂರು ವರ್ಷ, ಸಂಬಳವಿಲ್ಲ, ಬೈಗುಳ ಧಾರಾಳ. ಒಲ್ಲೆ ಎನ್ನುವ ಹಾಗಿಲ್ಲ. ಮತ್ತು ಹೊಣೆ ಹೊತ್ತವರ ಹೆಸರನ್ನು ಪಟ್ಟಿಯಿಂದ ಯಾರೂ ಅಳಿಸುವ ಹಾಗಿಲ್ಲ.

"ಸೆಫೆರಿನಾ," ಎಂದ ಫಿಲೊಗೋನಿಯೊ. ಕೈಗಳು ಎದ್ದವು, ನೂರಕ್ಕೆ ನೂರು.

ಸೆಫೆರಿನಾ ಹೌಹಾರಿದಳು. "ನಂಗಾ? ತಲೆ ಕೆಟ್ಟೈತಾ ನಿಮಗೆ? ಮಂಡಿ ನೋಡ್ರಿ ನಂದು!"

"ಅದಕ್ಕೇ ತಾಯಿ," ಎಂದ ಫಿಲೊಗೋನಿಯೊ, ಮೊದಲ ಬಾರಿಗೆ ಮೀಸೆಯಡಿ ನಗುತ್ತ. "ಗಟ್ಟಿ ಕಾಲಿನೋರನ್ನ ಇಟ್ರೆ ಒಂದು ವಾರದಲ್ಲಿ ಬೆಟ್ಟ ಬೋಳಿಸ್ತಾರೆ. ಮಂಡಿ ನೋವಿರೋರೇ ಬೇಕು."

ನಗು ಎಂದರೆ ನಗು. ಸತ್ತ ಸಸಿಗಳ ನಡುವೆ ಕೂತು ಅಷ್ಟು ನಗಬಾರದಿತ್ತು, ಆದರೆ ನಕ್ಕೆವು. ಸೆಫೆರಿನಾ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಹೊಣೆಯ ಗುರುತಿಗೆಂದು ಬೆಳ್ಳಿ ಹಿಡಿಯ ಕೋಲು ಕೊಡುತ್ತಾರೆ. "ಅದು ಬೇಡ, ನನ್ನದೇ ಕೋಲೈತೆ" ಎಂದು ತನ್ನ ಓಕ್ ಕೋಲನ್ನೇ ಎತ್ತಿ ತೋರಿಸಿದಳು. ಕಾರ್ಯದರ್ಶಿ ಪಟ್ಟಿ ತೆಗೆದು 'ದಿವಂಗತ ಲಿಬ್ರಾದೊನ ಹೆಂಡತಿ' ಎಂಬುದನ್ನು ಹೊಡೆದುಹಾಕಿ, ಮೇಲೆ ಅವಳ ಹೆಸರು ಬರೆದ. ಅವಳು ಅದನ್ನು ಬಗ್ಗಿ ನೋಡಿ, "ಲಿಬ್ರಾದೊನ ಹೆಸರೂ ಇರ್ಲಿ, ಚಿಕ್ಕದಾಗಿ" ಎಂದಳು. ಬರೆದ.

ಇಳಿಯುವ ಹೊತ್ತಾಯಿತು. ಕತ್ತೆ ನಿಂತಿದ್ದ ಜಾಗಕ್ಕೂ ಸೆಫೆರಿನಾಳಿಗೂ ನಡುವೆ ಪೊದೆಗಳಿದ್ದವು. ಫಿಲೊಗೋನಿಯೊ ಸಭ್ಯಸ್ಥ, ಮಂಡಿ ನೋವಿನ ಹೆಂಗಸು ಸುತ್ತು ಬಳಸಿ ನಡೆಯಬಾರದೆಂದು ಮುಂದೆ ಹೋಗಿ, ಎಪ್ಪತ್ತು ವರ್ಷದ ಅಭ್ಯಾಸದಿಂದ ಮಚ್ಚು ಎಳೆದು, ದಾರಿ ಮಾಡಿಕೊಡಲು ಅಡ್ಡ ಬಂದ ಓಕ್ ಕೊಂಬೆಗೆ ಎತ್ತಿದ.

"ಕೈ ಇಳಿಸ್ರೀ!"

ಸೆಫೆರಿನಾಳ ದನಿಗೆ ಕತ್ತೆಯೂ ಕಿವಿ ನಿಮಿರಿಸಿತು. ಫಿಲೊಗೋನಿಯೊ ಎತ್ತಿದ ಕೈ ಎತ್ತಿದ ಹಾಗೇ ತಿರುಗಿ ನೋಡಿದ, ಬಯ್ಯಿಸಿಕೊಂಡ ಶಾಲೆಯ ಹುಡುಗನ ಹಾಗೆ. ಆಮೇಲೆ ನಿಧಾನವಾಗಿ ಮಚ್ಚನ್ನು ಒರೆಗೆ ಸೇರಿಸಿ, ಅವಳ ಕೋಲಿಲ್ಲದ ಕೈಗೆ ತನ್ನ ತೋಳು ಕೊಟ್ಟ. ಇಬ್ಬರೂ ಪೊದೆಯನ್ನು ಸುತ್ತಿಕೊಂಡು ಹೊರಟರು. ಹಿಂದೆ ಊರೆಲ್ಲ ಸುತ್ತಿಕೊಂಡೇ ಬಂದಿತು. ದಾರಿ ಸ್ವಲ್ಪ ದೂರವಾಯಿತು, ಯಾರೂ ಗೊಣಗಲಿಲ್ಲ.